ಮಾಸ್ಟ್ರು ಹಾಡದೆ ಬಿಟ್ಟ ಸಾಲು

ನಮ್ಮ ಮಾಸ್ಟ್ರ ಎಡಗೈ ಸುಮ್ಮನೆ ಇದ್ದದ್ದನ್ನು ನಾನು ನೋಡಿಲ್ಲ. ಬಲಗೈ ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದರೆ ಎಡಗೈ ಸೊಂಟದ ಹತ್ತಿರ ಹಿಂದೆ ಮುಂದೆ ಆಡುತ್ತಲೇ ಇರುತ್ತಿತ್ತು. ಹಾರ್ಮೋನಿಯಮ್ಮಿನ ತಿದಿ ಒತ್ತಿ ಒತ್ತಿ ಬಂದ ಅಭ್ಯಾಸ. ನಮ್ಮ ಅಜ್ಜಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು? "ಅದು ಗಾಳಿಗೆ ಸನ್ನೆ ಮಾಡುದು ಮಾರಾಯ್ತಿ, ಎಂತದನ್ನೋ ಕರೆಯುದು" ಎಂದುಬಿಟ್ಟರು. ಆಮೇಲೆ ಆ ಕೈಯನ್ನೇ ನೋಡುತ್ತಾ ಕೂತು ನಾನು ಎಷ್ಟೋ ಲೆಕ್ಕ ತಪ್ಪಿದ್ದೇನೆ.

ಐವತ್ತರ ದಶಕದ ಮೊದಲ ವರ್ಷಗಳು. ಐವರ್ನಾಡಿನ ಕಡೆಯ ನಮ್ಮ ಶಾಲೆಯಲ್ಲಿ ಅವರೊಬ್ಬರೇ ಕ್ರಿಶ್ಚಿಯನ್. ಭಾನುವಾರ ಬೆಳಕು ಹರಿಯುವಾಗಲೇ ಹೊಳೆಯಾಚೆಯ ಇಗರ್ಜಿಗೆ ಹೊರಡುವರು; ಅಲ್ಲಿ ಹಾರ್ಮೋನಿಯಂ ನುಡಿಸಿ ಹಾಡಿಸುವವರು ಅವರೇ. ಎರಡು ಗಂಟೆಯ ನಡಿಗೆ, ಪೂಜೆ ಮುಗಿಯುವವರೆಗೆ ಒಂದು ಗುಟುಕು ನೀರೂ ಇಲ್ಲ. ಅದು ಅವರ ಧರ್ಮದ ಉಪವಾಸ ಅಂತ ಯಾರಿಗೆ ಗೊತ್ತು? ನೀರೂ ಮುಟ್ಟದೆ ಎಂತ ಸಾಧನೆ ಮಾಡ್ತಾನೋ ಎಂದು ಊರೇ ಕಣ್ಣಿಟ್ಟಿತ್ತು.

ಹಾಡಿನ ವಿಷಯದಲ್ಲಿ ಮಾತ್ರ ಮಹಾ ಕಟ್ಟುನಿಟ್ಟು. ಬೆಳಗಿನ ಪ್ರಾರ್ಥನೆಯಲ್ಲಿ ಒಬ್ಬರ ಸ್ವರ ಜಾರಿದರೂ ಎಲ್ಲರೂ ಮೊದಲಿಂದ ಹಾಡಬೇಕು. "ತಪ್ಪಿದ್ದು ನಿಮಗೆ ತಿಳಿಯಲಿಕ್ಕಿಲ್ಲ, ದೇವರಿಗೆ ಕೇಳ್ತದೆ" ಎನ್ನುವರು. ಬಿಸಿಲಲ್ಲಿ ನಿಂತು ನಾಲ್ಕು ನಾಲ್ಕು ಸಲ ಹಾಡಿದ ಸಿಟ್ಟು ನನಗೆ ಇನ್ನೂ ಇದೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅವರ ಇಗರ್ಜಿಯ ಹಾಡಿನ ಪುಸ್ತಕಕ್ಕೆ ಗೆದ್ದಲು ಹಿಡಿಯಿತು. ಅಕ್ಷರ ಚೆಂದ ಎಂದು ನನ್ನನ್ನು ಕರೆದು ಹೊಸ ಪುಸ್ತಕಕ್ಕೆ ಇಳಿಸಲು ಹೇಳಿದರು. ಇಡೀ ಕ್ಲಾಸು ಬಿಟ್ಟು ನನ್ನನ್ನೇ ಯಾಕೆ ಕರೆದರು ಎಂದು ನನಗೂ ಅನುಮಾನವೇ. ನಮ್ಮ ಅಪ್ಪನ ಮಗಳಲ್ಲವಾ! ಅಪ್ಪ ಪುತ್ತೂರಿನ ಬಸ್ಸು ಹತ್ತಿ ಕೂತ ಮೇಲೂ ಇದು ಪುತ್ತೂರಿಗೇ ಹೋಗುವುದಾ ಎಂದು ಮೂರು ಜನರಲ್ಲಿ ಕೇಳುವವರು.

ಬರೆದು ಮುಗಿಸಿದ ದಿನ ಪುಸ್ತಕ ಅಪ್ಪನ ಕೈಗೆ ಸಿಕ್ಕಿತು. ಒಂದು ಪುಟ ಗಟ್ಟಿಯಾಗಿ ಓದಿದರು. ಮುಖ ಬಿಳಿಚಿತು.

"ಅಕ್ಷರ ನಮ್ಮದು, ಮಾತು ಯಾರದ್ದು? ತುಳು ಅಲ್ಲ, ಮಲಯಾಳ ಅಲ್ಲ, ಕೊಂಕಣಿಯೂ ಅಲ್ಲ. ಇದು ಮಾಟದ ಮಂತ್ರ. ಹೆಣ್ಣುಮಗಳ ಕೈಯಲ್ಲಿ ಬರೆಸಿದ್ದಾನೆ!"

ಮರುದಿನ ನನ್ನನ್ನು ಎಳೆದುಕೊಂಡೇ ಶಾಲೆಗೆ ಬಂದರು. ಮಾಸ್ಟ್ರು ಸಮಾಧಾನದಲ್ಲಿ ಹೇಳಿದರು: "ಇದು ಲ್ಯಾಟಿನ್. ನಮ್ಮ ಇಗರ್ಜಿಯ ಪೂಜೆಯ ಭಾಷೆ. ನಮಗೆ ಓದಲಿಕ್ಕೆ ಸುಲಭ ಅಂತ ಕನ್ನಡ ಅಕ್ಷರದಲ್ಲಿ ಬರೆಯುದು."

"ಅರ್ಥ ನಿಮಗೆ ಗೊತ್ತುಂಟಾ?"

"ಎಲ್ಲ ಗೊತ್ತಿಲ್ಲ."

"ಅರ್ಥ ಗೊತ್ತಿಲ್ಲದ್ದನ್ನು ಹಾಡುದಾ?" ನಮ್ಮ ಮನೆಯ ಪೂಜೆಯ ಮಂತ್ರಗಳ ಅರ್ಥ ಅಪ್ಪನಿಗೆ ಎಷ್ಟು ಗೊತ್ತಿತ್ತೋ, ಕೇಳುವ ಧೈರ್ಯ ನನಗಿರಲಿಲ್ಲ. ಅಪ್ಪ ಕೊನೆಗೆ ಒಂದು ಮಾತು ಹೇಳಿದರು. "ಭಾನುವಾರ ನಾನೇ ಬರ್ತೇನೆ. ಇದರಲ್ಲಿ ಇಲ್ಲದ ಒಂದು ಶಬ್ದ ನಿಮ್ಮ ಬಾಯಿಂದ ಬಂದರೆ ಮಗಳನ್ನು ಶಾಲೆ ಬಿಡಿಸುದೇ."

ಮಾಸ್ಟ್ರು ನನ್ನ ಪುಸ್ತಕ ತೆಗೆದುಕೊಂಡು ಪುಟ ತಿರುವಿದರು. ಒಂದು ಕಡೆ ಅವರ ಎಡಗೈ ಗಕ್ಕನೆ ನಿಂತಿತು. ನನ್ನ ಮುಖ ನೋಡಿ, ಪುಸ್ತಕವನ್ನು ಅಪ್ಪನಿಗೆ ತಿರುಗಿ ಕೊಟ್ಟರು.

ಊಟದ ಬಿಡುವಿನಲ್ಲಿ ಕದ್ದು ಅವರ ಮೇಜಿನ ಮೇಲಿದ್ದ ಹಳೆಯ ಪುಸ್ತಕ ನೋಡಿದೆ. ಗೆದ್ದಲು ತಿಂದ ತೂತಿನ ಕೆಳಗೆ ಒಂದು ಸಾಲಿತ್ತು. ನಾನು ಅದನ್ನು ಬರೆದೇ ಇರಲಿಲ್ಲ! ಹೊಸ ಪುಸ್ತಕ ಅಪ್ಪನ ಪೆಟ್ಟಿಗೆಯೊಳಗೆ, ಕೀಲಿಕೈ ಅವರ ಸೊಂಟದಲ್ಲಿ. ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಅಪ್ಪ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಇಗರ್ಜಿಯ ಬಾಗಿಲಲ್ಲಿ ಮುಂಡಾಸು ತೆಗೆಯದೆ, ಪುಸ್ತಕ ಬಿಡಿಸಿ ನಿಂತರು. ಒಳಗೆ ಮಾಸ್ಟ್ರು ಒಂದು ಸಾಲು ಹಾಡುವುದು, ಜನ ಅದನ್ನೇ ತಿರುಗಿ ಹಾಡುವುದು, ಅಪ್ಪನ ಬೆರಳು ಅಕ್ಷರದ ಕೆಳಗೆ ಸರಿಯುವುದು. ಆ ಜಾಗ ಬಂತು. ಹಾರ್ಮೋನಿಯಂ ಒಂದು ಗಳಿಗೆ ಉಸಿರು ಹಿಡಿದ ಹಾಗಾಯಿತು. ಮಾಸ್ಟ್ರು ಶಿಲುಬೆಯ ಕಡೆ ಕಣ್ಣೆತ್ತಿ, ಆ ಸಾಲನ್ನು ನುಂಗಿ, ಮುಂದಿನ ಸಾಲು ಹಿಡಿದರು. ಮುಂದೆ ಕೂತಿದ್ದ ಒಬ್ಬ ಮುದುಕಿ ಹಳೇ ರೂಢಿಯಲ್ಲಿ ಬಿಟ್ಟ ಸಾಲನ್ನೇ ಶುರು ಮಾಡಿ, ತಾನೊಬ್ಬಳೇ ಎಂದು ತಿಳಿದು ನಾಚಿ ನಿಲ್ಲಿಸಿದಳು. "ಪಾಪ, ಅಜ್ಜಿಗೆ ಮರೆವು" ಎಂದರು ಅಪ್ಪ.

ನನ್ನ ಶಾಲೆ ಉಳಿಯಿತು. ಆದರೆ ಅಪ್ಪನ ಅನುಮಾನ ಒಂದು ದಿನಕ್ಕೆ ಹೋಗುವಂಥದ್ದಾ? "ಇವತ್ತು ನಾನು ಉಂಟು ಅಂತ ಸರಿ ಹಾಡಿದ್ರೆ?" ಹಾಗೆ ಯಾವ ಭಾನುವಾರ ಅಂತ ಹೇಳದೆ, ನನ್ನನ್ನೂ ಕರೆದುಕೊಂಡು ಹೋಗಿ ನಿಲ್ಲುವರು. ಅವರು ಯಾವಾಗ ಬಂದಾರೋ ಎಂದು ಮಾಸ್ಟ್ರು ಆ ಸಾಲನ್ನು ಪೂರ್ತಿ ಬಿಟ್ಟೇಬಿಟ್ಟರು. ನನ್ನ ಎಂಟನೇ ಕ್ಲಾಸು ಮುಗಿಯುವವರೆಗೆ, ಆಮೇಲೆ ಟೀಚರ್ ಟ್ರೈನಿಂಗ್ ಮುಗಿಯುವವರೆಗೆ. ಹಾಡು ಹಾಳಾಯ್ತು ಎಂದು ಇಗರ್ಜಿಯವರೇ ಅವರನ್ನು ಬೈದದ್ದುಂಟು.

ಒಮ್ಮೆ ತಡೆಯಲಾರದೆ ಕೇಳಿದ್ದೆ. "ಮಾಸ್ಟ್ರೆ, ಆ ಸಾಲು..."

"ಯಾವ ಸಾಲು? ಹೋಗು, ಭಾಗಾಕಾರ ಮಾಡು."

ಅರವತ್ತರ ದಶಕದ ಮೊದಲಿಗೆ, ಒಂದು ಮಳೆಗಾಲ ಕಳೆದಾಗ ಮಾಸ್ಟ್ರು ತೀರಿಕೊಂಡರು. ಆಗ ನಾನೂ ಟೀಚರ್. ಅಪ್ಪನೊಂದಿಗೆ ಮಣ್ಣಿಗೆ ಹೋದೆ. ಅಪ್ಪ ಅದೇ ಬಾಗಿಲಲ್ಲಿ, ಅದೇ ಪುಸ್ತಕ ಹಿಡಿದು ನಿಂತರು. ಮಾಸ್ಟ್ರ ಪ್ರೀತಿಯ ಹಾಡೆಂದು ಇಗರ್ಜಿಯವರು ಆ ಸಾಲಿನ ಹಾಡನ್ನೇ ಹಾಡಿದರು. ಹಾರ್ಮೋನಿಯಂ ಹಿಡಿದವನು ಬೇರೆ ಊರಿನವನು, ಬಿಟ್ಟ ಸಾಲನ್ನೂ ಸೇರಿಸಿಯೇ ಹಾಡಿಸಿದ. ಇಡೀ ಇಗರ್ಜಿ ಅದನ್ನು ಎತ್ತಿ ಹಾಡಿತು. ಎಷ್ಟು ಚೆಂದದ ಸಾಲು ಅದು, ದೇವರೇ!

ಅಪ್ಪ ನನ್ನ ಕೈ ಜಗ್ಗಿದರು. "ನೋಡು, ಇದು ಪುಸ್ತಕದಲ್ಲಿ ಇಲ್ಲ! ಎಂತದೋ ಉಂಟು ಅಂತ ನಾನು ಆವತ್ತೇ ಹೇಳಿದ್ದೆ."

"ಅದು ಮೊದಲಿಂದಲೂ ಉಂಟು ಅಪ್ಪ. ಬರೆಯುವಾಗ ಬಿಟ್ಟದ್ದು ನಾನು."

"ಮತ್ತೆ ಅವರು ಯಾಕೆ ಹಾಡ್ಲಿಲ್ಲ?"

"ಹಾಡಿದ್ರೆ ನೀವು ನನ್ನನ್ನು ಶಾಲೆ ಬಿಡಿಸ್ತಿದ್ದಿರಿ."

ಅಪ್ಪ ಪುಸ್ತಕ ಮಡಚಿದರು. ಇಷ್ಟು ವರ್ಷ ಆ ಬಾಗಿಲಲ್ಲಿ ತೆಗೆಯದ ಮುಂಡಾಸನ್ನು ನಿಧಾನಕ್ಕೆ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. "ನಾನು ಒಟ್ಟು ಎಷ್ಟು ಭಾನುವಾರ ಬಂದಿರಬಹುದು ಮಗಾ?" ಎಂದು ಕೇಳಿದರು.

ನನಗೆ ಲೆಕ್ಕ ಗೊತ್ತಿತ್ತು. ಹೇಳಲಿಲ್ಲ.