ವಾರಸುದಾರರು ಗುರುತು ಹೇಳಿ ಪಡೆಯಬಹುದು

ಬಸ್ ನಿಲ್ದಾಣದಲ್ಲಿ ಮೈಕಪ್ಪ ಒಂದು ಮಾತಾಡಿದರೆ ಸಾಕು, ಕೂತವರು ಏಳುತ್ತಿದ್ದರು, ಎದ್ದವರು ಓಡುತ್ತಿದ್ದರು. ಬಾಯಿಗಿಟ್ಟ ಬಿಸ್ಕತ್ತನ್ನು ಅಗಿಯುವಷ್ಟೂ ತಾಳ್ಮೆಯಿಲ್ಲದೆ, ಮಕ್ಕಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗಂಟುಮೂಟೆ ಎಳೆದುಕೊಂಡು ಅವನು ಹೇಳಿದ ಕಡೆ ನುಗ್ಗುತ್ತಿದ್ದರು. ಅದೇ ಮೈಕಪ್ಪ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತ, "ಒಂದು ಲೋಟ ನೀರು ಕೊಡೇ" ಅಂದರೆ ಹೆಂಡತಿ ಒಳಗಿಂದ, "ಏನಂದ್ರಿ?" ಅನ್ನುತ್ತಿದ್ದಳು. ಅವನು ಇನ್ನೊಂದು ಸಲ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಬೇರೆ ಕೆಲಸಕ್ಕೆ ಹೋಗಿಬಿಟ್ಟಿರುತ್ತಿದ್ದಳು. ನೀರನ್ನು ಅವನೇ ಬಗ್ಗಿಸಿಕೊಂಡು ಕುಡಿಯುತ್ತಿದ್ದ.

ಮೈಕಪ್ಪ ಅನ್ನುವುದು ಹೆತ್ತವರಿಟ್ಟ ಹೆಸರಲ್ಲ, ಡ್ರೈವರುಗಳು ಇಟ್ಟದ್ದು. ನಿಲ್ದಾಣದ ನಟ್ಟನಡುವಿನ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿದೆ ಅಂತ ಸಾರುವುದು ಅವನ ಕೆಲಸ. ಗಂಟಲು ಸರಿಮಾಡಿಕೊಂಡು "ಪ್ರಯಾಣಿಕರು ದಯವಿಟ್ಟು" ಅಂದು, ಅಲ್ಲಿ ಉಗುಳು ನುಂಗುವಷ್ಟು ಹೊತ್ತು ನಿಂತು, ಆಮೇಲೆ "ಗಮನಿಸಿ" ಅನ್ನುತ್ತಿದ್ದ. ಆ ನಿಲುಗಡೆ ಯಾರೂ ಹೇಳಿಕೊಟ್ಟದ್ದಲ್ಲ, ಅವನ ಸ್ವಂತದ್ದು. ಇಷ್ಟು ವರ್ಷಗಳಲ್ಲಿ ತನ್ನ ಮೈಕಿನಿಂದ ಒಂದೇ ಒಂದು ತಪ್ಪು ಪ್ರಕಟಣೆ ಹೊರಬಿದ್ದಿಲ್ಲ ಅನ್ನುವುದು ಅವನ ಹೆಮ್ಮೆ. ಆ ಮೈಕಿನ ಸ್ವಿಚ್ಚು ಮಾತ್ರ ಹಳೆಯದಾಗಿ ಮೊಂಡು ಬಿದ್ದಿತ್ತು. ಆರಿಸಬೇಕಾದರೆ ಎರಡೆರಡು ಸಲ ಒತ್ತಬೇಕಿತ್ತು, ಅದೂ ಬೈದುಕೊಂಡು ಒತ್ತಬೇಕಿತ್ತು.

ಕಳೆದುಹೋದ ಸಾಮಾನುಗಳ ಉಸ್ತುವಾರಿಯೂ ಅವನದೇ. ಅದಕ್ಕೆ ಅವನೇ ಮಾಡಿದ ಕಟ್ಟಳೆಯೊಂದಿತ್ತು. ಸಿಕ್ಕ ಸಾಮಾನಿನ ವಿವರವನ್ನೆಲ್ಲ ಮೈಕಿನಲ್ಲಿ ಹೇಳಿದರೂ ಒಂದು ಗುರುತನ್ನು ಮಾತ್ರ ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಕಪ್ಪು ಕೊಡೆ ಸಿಕ್ಕಿದೆ ಅನ್ನುವನು, ಹಿಡಿಯ ಮೇಲಿನ ಸುಟ್ಟ ಕಲೆಯ ಸುದ್ದಿ ಎತ್ತನು. ಆ ಕಲೆಯ ಬಗ್ಗೆ ಹೇಳಿದವರಿಗೆ ಕೊಡೆ. ಶನಿವಾರ ಸಂಜೆಯ ಕೊನೆಯ ಪ್ರಕಟಣೆ ಕೇಳಿಯೂ ಯಾರೂ ಬಾರದಿದ್ದರೆ ಅದು ಎತ್ತಿ ತಂದವರಿಗೆ. ಒಮ್ಮೆ ನಿಲ್ದಾಣದ ಮೇಲ್ವಿಚಾರಕರೇ ತಮ್ಮ ಕನ್ನಡಕ ಕೇಳಿಕೊಂಡು ಬಂದಾಗಲೂ, "ಗುರುತು ಹೇಳಿ ಸಾರ್" ಅಂದಿದ್ದ. "ಕನ್ನಡಕ ಇಲ್ಲದೆ ನನಗೆ ಏನು ಕಾಣುತ್ತೆ ಅಂತ ಗುರುತು ಹೇಳಲಯ್ಯಾ?" ಅಂತ ಅವರು ಕೂಗಾಡಿದರೂ ಜಗ್ಗಿರಲಿಲ್ಲ.

ಇಂಥ ಮೈಕಪ್ಪನ ಬೆನ್ನಿಗೆ ಒಂದು ಸಂಜೆ ನಾಯಿಯೊಂದು ಬಿತ್ತು. ಕೆಲವು ದಿನಗಳಿಂದ ನಿಲ್ದಾಣದಲ್ಲೂ ಸುತ್ತಲ ಬೀದಿಗಳಲ್ಲೂ ಅಲೆದುಕೊಂಡಿದ್ದ ಕರಿ ನಾಯಿ. ಪಕ್ಕೆಲುಬು ಎಣಿಸಬಹುದಾಗಿತ್ತು. ಕೊರಳಲ್ಲಿ ತುಂಡಾದ ಹಗ್ಗ. "ಹಚ್ಚಾ" ಅಂದರೆ ನಿಲ್ಲುವುದು, ನಾಲ್ಕು ಹೆಜ್ಜೆ ನಡೆದರೆ ಮತ್ತೆ ಹಿಂದೆಯೇ ಬರುವುದು. ಮೈಕಪ್ಪ ಬಯ್ಯುತ್ತ ಹೊರಟವನು, ಮೀನಿನಂಗಡಿ ತಿರುವು ದಾಟುವ ಹೊತ್ತಿಗೆ ಮೇಲ್ವಿಚಾರಕರ ಸಿಟ್ಟು, ಸ್ವಿಚ್ಚಿನ ಮೊಂಡುತನದ ವಿಷಯವನ್ನೆಲ್ಲ ಅದಕ್ಕೆ ಹೇಳಿ ಮುಗಿಸಿದ್ದ. ನಾಯಿ ಕಿವಿಯಾನಿಸಿ ಕೇಳಿತು. ತನ್ನ ಮಾತನ್ನು ಹೀಗೆ ಪೂರ್ತಿ ಕೇಳಿದ ಜೀವ ಮೈಕಿನ ಹೊರಗೆ ಅವನಿಗೆ ಸಿಕ್ಕೇ ಇರಲಿಲ್ಲ. ಮನೆ ಬಾಗಿಲಿಗೆ ಬರುವಷ್ಟರಲ್ಲಿ ಅದನ್ನು ಇಟ್ಟುಕೊಳ್ಳಲೇಬೇಕು ಅನ್ನಿಸಿಬಿಟ್ಟಿತು.

ಆದರೆ ಮನೆ ಅವನದಲ್ಲವಲ್ಲ, ಹೆಂಡತಿಯದು. ಹತ್ತಿರದ ವಸತಿಗೃಹದ ಹಾಸಿಗೆ ಹೊದಿಕೆ, ದಿಂಬಿನ ಚೀಲಗಳನ್ನೆಲ್ಲ ಅವಳು ಒಗೆದು, ಮಾಳಿಗೆ ಮೇಲೆ ಒಣಗಿಸಿ, ಇಸ್ತ್ರಿ ಮಾಡಿ ಕೊಡುತ್ತಿದ್ದಳು. ಎಲ್ಲವೂ ಬಿಳಿ. ಮನೆಯೊಳಗೆ ಎಲ್ಲಿ ನೋಡಿದರೂ ಬಿಳಿ ಬಟ್ಟೆಯ ಅಟ್ಟಿ. ಒಂದು ಕೂದಲೆಳೆ ಕಂಡರೆ ಇಡೀ ಗಂಟು ವಾಪಸು ಬರುತ್ತಿತ್ತು. ಮೈಕಪ್ಪ ತಲೆ ಬಾಚಿಕೊಳ್ಳಬೇಕಾದರೂ ಬೀದಿಗೆ ಹೋಗಬೇಕಾಗಿತ್ತು. ಅಂಥ ಮನೆಗೆ ಅವನು ಕರಿ ನಾಯಿ ಕರೆತಂದಿದ್ದ.

"ಇದೇನ್ರೀ ಇದು?"

"ನಾಯಿ."

"ನಾಯಿ ಅಂತ ನಂಗೂ ಕಾಣುತ್ತೆ. ನನ್ನ ಹೊಟ್ಟೆ ಉರಿಸೋಕೆ ಬಿಳೀದೂ ಸಿಗಲಿಲ್ವಾ ನಿಮಗೆ?" ಅವಳ ಕಣ್ಣು ಕೊರಳಿನ ಹಗ್ಗದ ಮೇಲೆ ಬಿತ್ತು. "ಇದು ಯಾರೋ ಸಾಕಿದ್ದು. ದಿನಾ ಊರೋರ ಕೊಡೆಗೆಲ್ಲ ಬಾಯಿ ಬಡ್ಕೋತೀರಲ್ಲ, ಇದಕ್ಕೂ ಬಡ್ಕೊಳ್ಳಿ. ಇದರ ಯಜಮಾನ ಬಂದು ಕರ್ಕೊಂಡು ಹೋಗ್ಲಿ."

ಮೈಕಪ್ಪನ ಮುಖ ಸಪ್ಪಗಾಯಿತು. ಆದರೂ ಕಟ್ಟಳೆ ಅಂದರೆ ಕಟ್ಟಳೆ. "ಶನಿವಾರದವರೆಗೂ ಯಾರೂ ಬರದಿದ್ರೆ?" ಅಂದ.

"ಏನಂದ್ರಿ?" ಅಂತ ಅವಳು ಒಳಗೆ ಹೋದಳು. ಬೇಡ ಅನ್ನಲಿಲ್ಲ ಅನ್ನುವುದನ್ನೇ ಮೈಕಪ್ಪ ಒಪ್ಪಿಗೆ ಅಂತ ಲೆಕ್ಕ ಹಿಡಿದ.

ಬೆಳಗ್ಗೆ ಅದನ್ನು ನಿಲ್ದಾಣಕ್ಕೆ ಕರೆದೊಯ್ದರೆ ಮೇಲ್ವಿಚಾರಕರು, ಉಸಿರಾಡುವ ಸಾಮಾನು ಇಡಲು ಇಲ್ಲಿ ಜಾಗವಿಲ್ಲ ಅಂದರು. ಕನ್ನಡಕದ ಸಿಟ್ಟು ಇನ್ನೂ ಹೋಗಿರಲಿಲ್ಲ. ಹಾಗಾಗಿ ಹಗಲೆಲ್ಲ ನಾಯಿ ಮಾಳಿಗೆಯ ನಲ್ಲಿಗೆ ಕಟ್ಟಿಸಿಕೊಂಡು ಹೆಂಡತಿಯ ಸುಪರ್ದಿಗೆ ಬಿತ್ತು. ಮೈಕಪ್ಪ ಗಾಜಿನ ಕೋಣೆಯಲ್ಲಿ ಕೂತು, "ಕಪ್ಪು ಬಣ್ಣದ ನಾಯಿಯೊಂದು ಸಿಕ್ಕಿದೆ, ವಾರಸುದಾರರು ಗುರುತು ಹೇಳಿ ಪಡೆಯಬಹುದು" ಅಂತ ಸಾರಿದ. ಯಾರಿಗೂ ಕೇಳಿಸದಂತೆ ಪಿಸುಗುಟ್ಟಿಬಿಡೋಣ ಅಂತ ಮನಸ್ಸು ಎಳೆಯುತ್ತಿತ್ತು. ಬಾಯಿ ಕೇಳಲಿಲ್ಲ, ಎಂದಿನಂತೆ ಖಣಖಣ ಅಂದಿತು. ಹಿಂಗಾಲಿನ ಒಂದು ಬೆರಳು ಬಿಳಿ ಅನ್ನುವುದನ್ನು ಮಾತ್ರ ಕಟ್ಟಳೆಯಂತೆ ನುಂಗಿಕೊಂಡ.

ಬಂದವರೇನೂ ಕಡಿಮೆಯಿಲ್ಲ. ಒಬ್ಬ ಹೆಂಗಸು ತನ್ನ ನಾಯಿ ಬಿಳಿ, ಆದರೆ ಹೊರಗೆ ಅಲೆದು ಕಪ್ಪಾಗಿರಬಹುದು ಅಂದಳು. ಇನ್ನೊಬ್ಬರು ಮುದುಕರು ನಾಯಿಯ ಗುರುತುಗಳನ್ನೆಲ್ಲ ಸಾವಕಾಶವಾಗಿ ಹೇಳಿ, ಅದು ತೀರಿಕೊಂಡು ಬಹಳ ಕಾಲವಾಯಿತು, ಆದರೂ ಒಂದು ಮಾತು ಕೇಳಿ ಹೋಗೋಣ ಅಂತ ಬಂದೆ ಅಂದರು. ಮೈಕಪ್ಪ ಅವರನ್ನು ಕೂರಿಸಿ ಚಹಾ ಕುಡಿಸಿ ಕಳಿಸಿದ. ಒಬ್ಬೊಬ್ಬರು ಬಂದಾಗಲೂ ಅವನ ಎದೆ ಧಸಕ್ಕೆನ್ನುವುದು, ಅವರು ಗುರುತು ತಪ್ಪಿದ ಕೂಡಲೇ ಕುಣಿಯುವಂತಾಗುವುದು.

ಮನೆಯಲ್ಲಿ ಬೇರೆಯೇ ಪಜೀತಿ. ನಾಯಿ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಂದು ಸಂಜೆ ಇಸ್ತ್ರಿ ಮೇಜಿನ ಕೆಳಗೆ ನುಗ್ಗಿ ಕೂತುಬಿಟ್ಟಿತು. ಮೈಕಪ್ಪ "ಬಾರೋ ರಾಜಾ" ಅಂದ, ಚಪ್ಪಾಳೆ ತಟ್ಟಿದ, ಬ್ರೆಡ್ಡು ತೋರಿಸಿದ, ಕೊನೆಗೆ ಮೊಣಕಾಲೂರಿ ಕೈಮುಗಿದ. ಅದು ಆಕಳಿಸಿತು. ರೇಗಿಹೋಗಿ ಅವನು ಎದ್ದು ನಿಂತು ತನ್ನ ಮೈಕಿನ ದನಿಯಲ್ಲಿ, "ಪ್ರಯಾಣಿಕರು ದಯವಿಟ್ಟು... ಗಮನಿಸಿ!" ಅಂದ. ನಾಯಿ ಬಾಣದಂತೆ ಹೊರಬಂದು ಅವನ ಕಾಲ ಬಳಿ ಬಾಲ ಅಲ್ಲಾಡಿಸುತ್ತ ನಿಂತಿತು. ಆಗ ಅವನಿಗೆ ಹೊಳೆಯಿತು. ನಿಲ್ದಾಣದಲ್ಲಿ ಆ ಮಾತು ಕೇಳಿದಾಗಲೆಲ್ಲ ಜನ ದಡಬಡಿಸಿ ಏಳುತ್ತಾರೆ, ಮಡಿಲಿನಿಂದ ಬಿಸ್ಕತ್ತು ಬೀಳುತ್ತದೆ. ನಾಯಿಯ ಪಾಲಿಗೆ ಆ ಮಾತಿನ ಅರ್ಥ ಊಟ.

"ನೀನೂ ಹಾಗೇ ಕರಿ, ಬರುತ್ತೆ" ಅಂತ ಹೆಂಡತಿಗೆ ಹೇಳಿಕೊಟ್ಟ.

"ನಾಯಿ ಹತ್ರ ಬಸ್ ಸ್ಟ್ಯಾಂಡ್ ಮಾತು ಆಡೋಕೆ ನಂಗೇನು ತಲೆ ಕೆಟ್ಟಿದ್ಯಾ?" ಅಂತ ಅವಳು ಮೂಗು ಮುರಿದಳು.

ದಿನವೂ ಅವನು ಬರುವಷ್ಟರಲ್ಲಿ ದೂರುಗಳು ಸಿದ್ಧವಾಗಿರುತ್ತಿದ್ದವು. ದಿಂಬಿನ ಚೀಲ ಕಚ್ಚಿಕೊಂಡು ಓಡಿತು. ಒದ್ದೆ ಹೊದಿಕೆಗಳ ಸಾಲಿನೊಳಗೆ ನುಗ್ಗಿ ಮೈ ಒರೆಸಿಕೊಂಡಿತು. ಇಡೀ ಗಂಟೊಂದು ವಾಪಸು ಬಂದು ಅವಳು ಮತ್ತೆ ಒಗೆಯಬೇಕಾಯಿತು. ಮೈಕಪ್ಪ ತಲೆ ತಗ್ಗಿಸಿ ಕೇಳುತ್ತಿದ್ದ. ಆದರೆ ನಾಯಿಯ ಮೈಯಿಂದ ಸೋಪಿನ ವಾಸನೆ ಅವನ ಮೂಗಿಗೆ ಬಡಿಯಿತು. ಕೊರಳಿನ ಕೊಳಕು ಹಗ್ಗ ಹೋಗಿ, ಹಳೆಯ ಪರದೆಯ ಅಂಚಿನಿಂದ ಹೊಲಿದ ಪಟ್ಟಿಯೊಂದು ಬಂದಿತ್ತು.

"ಇದ್ಯಾರು ಹೊಲಿದಿದ್ದು?"

"ಆ ಹಗ್ಗದ ನಾರು ಬಟ್ಟೆಗೆ ಅಂಟ್ತಿತ್ತು. ಅದಕ್ಕೆ. ಶನಿವಾರ ಅದನ್ನ ಯಾರಾದ್ರೂ ಕರ್ಕೊಂಡು ಹೋಗ್ಲೇಬೇಕು, ನೋಡಿ."

ಶನಿವಾರ ಬಂತು. ಕೊನೆಯ ದಿನ ಸಾಮಾನು ಕಣ್ಣೆದುರಿಗೆ ಇರಬೇಕು ಅನ್ನುವುದೂ ಅವನದೇ ಕಟ್ಟಳೆ. ಮೇಲ್ವಿಚಾರಕರ ಕೈಕಾಲು ಹಿಡಿದು ನಾಯಿಯನ್ನು ಗಾಜಿನ ಕೋಣೆಯ ಮೇಜಿಗೆ ಕಟ್ಟಿದ. ಮಧ್ಯಾಹ್ನ ಕಳೆಯಿತು, ಯಾರೂ ಸುಳಿಯಲಿಲ್ಲ. ಮೈಕಪ್ಪನಿಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಸಂಜೆಯ ಕೊನೆಯ ಪ್ರಕಟಣೆ ಹೇಳಿ ಸ್ವಿಚ್ಚು ಒತ್ತಿದ. ಬಾಗಿಲಲ್ಲಿ ಯಾರೋ ಕೆಮ್ಮಿದರು. ಗಾಬರಿಯಲ್ಲಿ ಎರಡನೇ ಸಲ ಒತ್ತುವುದು ಮರೆತೇಹೋಯಿತು.

ಬಂದವನು ಮರದ ಡಿಪೋದ ಯಜಮಾನ. ಕೈಯಲ್ಲಿ ದಪ್ಪ ಸರಪಳಿ. ದಿಮ್ಮಿ ಕಾಯಲು ಅವನಿಗೊಂದು ನಾಯಿ ಬೇಕಾಗಿದೆ ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು.

"ನಾಯಿ ನಂದು. ಹಿಂಗಾಲಿನ ಒಂದು ಬೆರಳು ಬಿಳಿ. ಸರೀನಾ?"

ಮೈಕಪ್ಪ ಕೆಳಗೆ ನೋಡಿದ. ನಾಯಿ ಮೇಜಿನ ಆಚೆಗೆ ಹಿಂಗಾಲು ಚಾಚಿ ಹಾಯಾಗಿ ಮಲಗಿತ್ತು. ಗಾಜಿನ ಹೊರಗೆ ನಿಂತ ಯಾರಿಗೂ ಆ ಬಿಳಿ ಬೆರಳು ಎದ್ದು ಕಾಣುವಂತಿತ್ತು. ಇವನು ನೋಡಿಕೊಂಡೇ ಬಂದಿದ್ದಾನೆ ಅಂತ ಗೊತ್ತಾಯಿತು. ಆದರೆ ಗುರುತು ಹೇಳಿದವರಿಗೆ ಸಾಮಾನು. ಮೇಲ್ವಿಚಾರಕರನ್ನೇ ಬಿಡದ ಕಟ್ಟಳೆಯನ್ನು ಇವತ್ತು ತನಗೋಸ್ಕರ ಮುರಿದರೆ ನಾಳೆ ಯಾವ ಬಾಯಲ್ಲಿ ಇನ್ನೊಬ್ಬರನ್ನು ಗುರುತು ಕೇಳುವುದು? ಅವನು ಬಗ್ಗಿ ನಾಯಿಯ ಕಟ್ಟು ಬಿಚ್ಚಿದ. ನಾಯಿ ಮಲಗಿದಲ್ಲಿಂದ ಏಳಲಿಲ್ಲ.

"ಸ್ವಲ್ಪ ತಡೀರಿ. ನಾಯಿ ನಂದು."

ಮೈಕಪ್ಪ ತಲೆಯೆತ್ತಿದ. ಬಾಗಿಲಲ್ಲಿ ಹೆಂಡತಿ, ತೋಳಲ್ಲಿ ವಸತಿಗೃಹಕ್ಕೆ ಕೊಡಲು ಹೊರಟಿದ್ದ ಬಿಳಿ ಬಟ್ಟೆಯ ಗಂಟು. ಈ ನಿಲ್ದಾಣದೊಳಗೆ ಅವಳು ಅದುವರೆಗೆ ಕಾಲಿಟ್ಟದ್ದೇ ಇರಲಿಲ್ಲ. ಅಭ್ಯಾಸಬಲದಿಂದ ಅವನ ಬಾಯಿಗೆ ಬಂದದ್ದು ಒಂದೇ ಮಾತು.

"ಗುರುತು ಹೇಳಿ."

ಅವಳು ಅವನತ್ತ ನೋಡಿದ ನೋಟಕ್ಕೆ ಬೇರೆಯವರಾಗಿದ್ದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದರು. "ಗುರುತು ಬೇಕಾ? ಇದರ ಕೂದಲು ನನ್ನ ಮನೆ ತುಂಬ ಇದೆ. ಇವರ ಮನೇಲಿ ಒಂದೆಳೆ ಇದ್ರೆ ತಂದು ತೋರಿಸ್ಲಿ." ಡಿಪೋದವನ ಕಡೆ ತಿರುಗಿದಳು. "ಬಿಳಿ ಬೆರಳು ಕಣ್ಣಿದ್ದೋರಿಗೆಲ್ಲ ಕಾಣುತ್ತೆ. ನಿಮ್ಮದಾದ್ರೆ ಕರೀರಿ, ಬರುತ್ತೇನೋ ನೋಡೋಣ."

ಡಿಪೋದವನು ಸಿಳ್ಳೆ ಹಾಕಿದ, ಸರಪಳಿ ಅಲ್ಲಾಡಿಸಿದ, "ಬಾರೋ ಟೈಗರ್" ಅಂದ. ನಾಯಿ ಒಂದು ಕಣ್ಣು ತೆರೆದು ಮುಚ್ಚಿತು.

ಅವಳು ಗಂಟನ್ನು ಮೇಜಿನ ಮೇಲಿಟ್ಟಳು, ಮೈಕಿನ ಪಕ್ಕದಲ್ಲೇ. ಗಂಟಲು ಸರಿಮಾಡಿಕೊಂಡಳು. "ಪ್ರಯಾಣಿಕರು ದಯವಿಟ್ಟು" ಅಂದಳು. ಅಲ್ಲಿ ನಿಂತಳು, ಸರಿಯಾಗಿ ಉಗುಳು ನುಂಗುವಷ್ಟು ಹೊತ್ತು. "ಗಮನಿಸಿ. ನಿಮ್ಮ ಬಸ್ಸು ಹೊರಡಲು ಸಿದ್ಧವಾಗಿದೆ. ನಿಮ್ಮ ನಿಮ್ಮ ಸಾಮಾನು ನೋಡಿಕೊಂಡು ಬೇಗ ಬನ್ನಿ."

ನಾಯಿ ಎದ್ದು ಒಂದೇ ನೆಗೆತಕ್ಕೆ ಅವಳ ಕಾಲಿಗೆ ಸುತ್ತಿಕೊಂಡಿತು. ನಾಯಿಯ ಜೊತೆ ಇಡೀ ನಿಲ್ದಾಣವೇ ಎದ್ದಿತ್ತು. ಚೀಲ ಹಿಡಿದವರು, ಮಕ್ಕಳನ್ನು ಎತ್ತಿಕೊಂಡವರು, ಯಾವ ಬಸ್ಸು ಅಂತ ಕೇಳದೆ ಎದುರು ಕಂಡದ್ದಕ್ಕೆ ಹತ್ತಿದರು. ಡ್ರೈವರು ಚಹಾದ ಲೋಟ ಅಲ್ಲೇ ಎಸೆದು ಓಡಿ ಹೋಗಿ ಗಾಡಿ ತೆಗೆದೇಬಿಟ್ಟ. ಮೈಕಪ್ಪ ಸ್ವಿಚ್ಚಿಗೆ ಕೈಹಾಕುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು. ಅವನ ಜನ್ಮದ ಮೊದಲ ತಪ್ಪು ಪ್ರಕಟಣೆ ಹೀಗೆ ಹೆಂಡತಿಯ ಬಾಯಿಂದ ಹೊರಬಿತ್ತು. ಅತ್ತ ಮೇಲ್ವಿಚಾರಕರು ಬಾಯಿ ಬಡಿದುಕೊಳ್ಳುತ್ತ ಓಡಿಬರುತ್ತಿದ್ದರು. ಡಿಪೋದವನು ಸರಪಳಿ ಸುತ್ತಿಕೊಂಡು ಜನರ ನಡುವೆ ಮಾಯವಾದ.

ಮೈಕಪ್ಪನಿಗೆ ಇದಾವುದೂ ತಲೆಗೆ ಹೋಗಲಿಲ್ಲ. "ಆ ನಿಲುಗಡೆ... ನಿಂಗೆ ಹೇಗೆ ಗೊತ್ತು?" ಅಂದ.

"ಮಾಳಿಗೆ ಮೇಲೆ ಬಟ್ಟೆ ಹರವುವಾಗ ದಿನವಿಡೀ ಕೇಳುತ್ತಲ್ರೀ. ಗಾಳಿ ಮನೆ ಕಡೆ ಬೀಸಿದ್ರೆ ನೀವು ಗಂಟಲು ಸರಿಮಾಡಿಕೊಳ್ಳೋದೂ ಕೇಳುತ್ತೆ. ಮೊನ್ನೆ ಶೀತ ಆದಾಗ ಆ ನಿಲುಗಡೇಲಿ ಕೆಮ್ಮಿಬಿಟ್ರಿ, ಅವತ್ತು ಚೆನ್ನಾಗಿರಲಿಲ್ಲ." ಅವಳು ಗಂಟನ್ನು ಎತ್ತಿಕೊಂಡು, ಅದರ ಮೇಲಿದ್ದ ಕರಿ ಕೂದಲೊಂದನ್ನು ಚಿಮುಟಿ ತೆಗೆದಳು. "ನಡೀರಿ, ಇದಕ್ಕೆ ಹಸಿವಾಗಿರುತ್ತೆ."

ಮೇಲ್ವಿಚಾರಕರ ಬೈಗುಳವನ್ನೆಲ್ಲ ಮೈಕಪ್ಪ ನಗುಮುಖದಿಂದ ಕೇಳಿಸಿಕೊಂಡ. ನಾಯಿ ಉಳಿಯಿತು ಅನ್ನುವ ಸಂತೋಷಕ್ಕಿಂತ ದೊಡ್ಡ ಸಂತೋಷವೊಂದು ಎದೆಯಲ್ಲಿ ತುಂಬಿಕೊಂಡಿತ್ತು. ಇಷ್ಟು ವರ್ಷ ಅವಳು ಒಂದು ಮಾತನ್ನೂ ಬಿಡದೆ ಕೇಳಿದ್ದಳು.

ಮನೆಗೆ ಬಂದು ಚಪ್ಪಲಿ ಬಿಟ್ಟು, ನಾಯಿಯ ಪಕ್ಕ ಮೆಟ್ಟಿಲ ಮೇಲೆ ಕೂತು, "ಒಂದು ಲೋಟ ನೀರು ಕೊಡೇ" ಅಂದ.

"ಏನಂದ್ರಿ?" ಅಂತ ಒಳಗಿಂದ ಕೇಳಿಸಿತು.

ಮೈಕಪ್ಪ ಎರಡನೇ ಸಲ ಹೇಳಲಿಲ್ಲ, ಏಳಲೂ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಅವಳು ನೀರು ತಂದು ನಾಯಿಯ ಮುಂದಿಟ್ಟಳು. ಆಮೇಲೆ ಇನ್ನೊಂದು ಲೋಟ ತಂದು ಅವನಿಗೆ ಕೊಟ್ಟಳು.