ಕಟಿಂಗ್ ಮಾಸ್ತರರ ಎರಡನೆಯ ಕಸುಬು

ಕಟಿಂಗ್ ಮಾಸ್ತರರು ಮೂವತ್ತು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದರೂ ಒಂದು ಗುಂಡಿ ಹೊಲಿದವರಲ್ಲ. ಕಾಜಾ, ಗುಂಡಿ ಎಲ್ಲ ಅವರ ಅಕ್ಕನ ಪಾಲು. ಅವರವರ ಕೆಲಸ ಅವರವರಿಗೆ ಎಂಬುದು ಅಂಗಡಿಯ ಕಾನೂನು; ಅದನ್ನು ಮಾಡಿದವರೂ ಮಾಸ್ತರರೇ. ಅಂಥವರಿಗೆ ಈ ವಯಸ್ಸಿನಲ್ಲಿ ಇನ್ನೊಂದು ಕಸುಬಿನ ಹುಳ ತಲೆಗೆ ಹೊಕ್ಕಿತು. ತಮಗಲ್ಲ, ಭಾನುವಾರದ ದಾಳದ ಆಟದಲ್ಲಿನ ತಮ್ಮ ಯೋಧನಿಗೆ.

ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಕತ್ತರಿಸುವ ಮೇಜಿನ ಮೇಲೆ ಡ್ರಾಯಿಂಗ್ ಮೇಷ್ಟ್ರು ಸೀಮೆಸುಣ್ಣದಲ್ಲಿ ಕೋಟೆ, ಗುಹೆ ಬರೆಯುತ್ತಾರೆ. ಕಥೆ ಹೇಳುವವರು ಅವರು. ದಾಳ ಉರುಳಿಸಿ ಕಥೆಯೊಳಗೆ ನಡೆಯುವವರು ಅಕ್ಕ-ತಮ್ಮ. ಮಾಸ್ತರರು ಕತ್ತಿ ಹಿಡಿದ ಯೋಧ, ಅವರ ಕಾಯಿ ಒಂದು ಕರಿ ಗುಂಡಿ. ಅಕ್ಕ ಬೀಗ ಮುರಿಯುವ ಕಳ್ಳಿ, ಕೆಂಪು ಗುಂಡಿ. ಆಟದಲ್ಲಿ ವೈದ್ಯನಾಗಿದ್ದ ಪಕ್ಕದ ಅಂಗಡಿಯವರು ಊರು ಬಿಟ್ಟ ಮೇಲೆ ಗಾಯಕ್ಕೆ ಮದ್ದು ಹಾಕುವವರೇ ಇರಲಿಲ್ಲ. ಸತ್ತವರ ಗುಂಡಿಯನ್ನು ಗೋಡೆಯ ಮೇಲಿನ ಬಟ್ಟೆಪಟ್ಟಿಗೆ ಹೊಲಿದುಬಿಡುತ್ತಾರೆ. ಕಥೆ ಮುಗಿಯುವ ತನಕ ಅವರಿಗೆ ಮೇಜಿನಲ್ಲಿ ಜಾಗವಿಲ್ಲ. ಕಳೆದ ವಾರ ಅಕ್ಕ ಕೂದಲೆಳೆಯಲ್ಲಿ ಪಾರಾಗಿದ್ದಳು.

ಈಗ ಯೋಧ ಐದನೆಯ ಲೆವೆಲ್ ಮುಟ್ಟಿದ್ದಾನೆ. ಯೋಧನಾಗಿಯೇ ಮುಂದುವರಿದರೆ ಒಂದೇ ಸರದಿಯಲ್ಲಿ ಎರಡು ಏಟು. ಅದಕ್ಕಾಗಿ ಮಾಸ್ತರರು ಒಂದೂವರೆ ವರ್ಷ ಬಾಯಿಬಿಟ್ಟುಕೊಂಡು ಕಾದಿದ್ದರು. ಇಲ್ಲವೇ ಮಲ್ಟಿಕ್ಲಾಸ್: ಈ ಲೆವೆಲ್ಲನ್ನು ವೈದ್ಯನ ಕಸುಬಿಗೆ ಕೊಟ್ಟು ಅ ಆ ಇ ಈಯಿಂದ ಶುರು. ಮದ್ದಿನ ಮಂತ್ರ ಸಿಗುತ್ತದೆ, ಎರಡನೆಯ ಏಟು ಮುಂದಕ್ಕೆ ಹೋಗುತ್ತದೆ.

"ಅದಕ್ಕೆ ಹಾಳೆಯಲ್ಲಿ ವಿವೇಕದ ಅಂಕ ಹದಿಮೂರಿರ್ಬೇಕು ಮಾಸ್ತರೇ. ಕತ್ತಿ ಬೀಸೋರಿಗೆ ಅಷ್ಟೆಲ್ಲಿಂದ ಬರುತ್ತೆ?" ಎಂದು ಮೇಷ್ಟ್ರು ನಕ್ಕರು.

ಮಾಸ್ತರರು ತಮ್ಮ ಯೋಧನ ಹಾಳೆ ತಿರುಗಿಸಿ ತೋರಿಸಿದರು. ಸರಿಯಾಗಿ ಹದಿಮೂರು.

"ಪ್ಯಾಂಟಿನ ಹೊಲಿಗೆ ಒಳಗೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಡ್ತೀನಲ್ಲ, ಹಾಗೆ. ಮುಂದೆ ಬಿಚ್ಚಿ ಅಗಲ ಮಾಡ್ಬೇಕಾದ್ರೆ ಇರ್ಲಿ ಅಂತ. ವಿವೇಕಕ್ಕೂ ಹಾಗೇ ಜಾಸ್ತಿ ಬಿಟ್ಟಿದ್ದೆ, ಯಾಕೆ ಅಂತ ಆಗ ನನಗೂ ಗೊತ್ತಿರ್ಲಿಲ್ಲ."

ಅಕ್ಕ ಸೂಜಿಗೆ ಕೆಂಪು ದಾರ ಪೋಣಿಸುತ್ತ, "ನನಗೋಸ್ಕರ ತಲೆ ಕೆಡಿಸ್ಕೋಬೇಡ ಕಣೋ. ನೀನು ಎರಡು ಏಟು ಹೊಡಿ. ಸತ್ರೆ ನನ್ನ ಗುಂಡಿ ನಾನೇ ಪಟ್ಟಿಗೆ ಹೊಲ್ಕೋತೀನಿ" ಎಂದಳು.

ಅಕ್ಕನಿಲ್ಲದ ಭಾನುವಾರವನ್ನು ನೆನೆದು ಮಾಸ್ತರರಿಗೆ ನಿಜಕ್ಕೂ ಭಯವಾಯಿತು. ಎರಡು ಏಟಿನ ಆಸೆಯೂ ಬಿಡಲೊಲ್ಲದು. ಮಂತ್ರ ಹೇಳುವಾಗ ಕತ್ತಿ ಎಲ್ಲಿಡಬೇಕು? ಹೊಸ ವೈದ್ಯನ ಮದ್ದು ಎಷ್ಟು ಹಿಡಿಯುತ್ತದೆ? ಕವಚ ತೊಟ್ಟೇ ಮದ್ದು ಹಾಕಬಹುದೇ? ಕೇಳಿ ಕೇಳಿ ಮೇಷ್ಟ್ರ ತಲೆ ತಿಂದರು. ಕೊನೆಗೆ ಪೆನ್ಸಿಲ್ ಒತ್ತಿ ಬರೆದರು: ಯೋಧ ನಾಲ್ಕು, ವೈದ್ಯ ಒಂದು.

ಕೋಟೆಯ ಬಾಗಿಲಲ್ಲೇ ದೈತ್ಯ ಎದುರಾದ. ಮಾಸ್ತರರ ಏಟು ಬಿತ್ತು, ದೈತ್ಯ ತೂರಾಡಿದ, ಬೀಳಲಿಲ್ಲ.

"ಇನ್ನೊಂದೇ ಒಂದು ಬಿದ್ದಿದ್ರೆ ಮುಗೀತಿತ್ತು," ಎಂದರು ಮೇಷ್ಟ್ರು.

ಮಾಸ್ತರರು ಈಗ ತಾನೇ ಬರೆದ ಹಾಳೆಯತ್ತ ಕಣ್ಣು ಹಾಯಿಸಿದರು. ಅಷ್ಟರಲ್ಲಿ ದೈತ್ಯ ಕೈ ಬೀಸಿದ, ಕೆಂಪು ಗುಂಡಿ ಮಗುಚಿತು; ಕಳ್ಳಿ ಸತ್ತಿರಲಿಲ್ಲ, ಎಚ್ಚರ ತಪ್ಪಿತ್ತು. ಮತ್ತೆ ತಮ್ಮ ಸರದಿ ಬಂದಾಗ ಮಾಸ್ತರರು ಕತ್ತಿಯ ಮಾತೆತ್ತಲಿಲ್ಲ, ಮಂತ್ರ ಹೇಳಿ ದಾಳ ಹಾಕಿದರು. ಬಿದ್ದದ್ದು ಒಂದು. ವಿವೇಕಕ್ಕೆಂದು ಸಿಗುವ ಇನ್ನೊಂದು ಸೇರಿ ಅಕ್ಕನಿಗೆ ಬಂದದ್ದು ಪ್ರಾಣದ ಎರಡೇ ಎರಡು ಅಂಕ.

"ಎದ್ದು ನಿಲ್ಲೋಕೆ ಸಾಕಲ್ಲ?" ಎಂದು ಅಕ್ಕ ಗುಂಡಿಯನ್ನು ನೆಟ್ಟಗೆ ಮಾಡಿ ದಾಳ ಉರುಳಿಸಿದಳು. ಅವಳ ಚೂರಿ ದೈತ್ಯನ ಪಕ್ಕೆಗೆ ನಾಟಿತು, ಅವನು ಉರುಳಿದ.

"ತಗೋ, ನಿನ್ನ ಎರಡನೇ ಏಟು" ಎಂದಳು ತಮ್ಮನಿಗೆ. ಆಮೇಲೆ ಸೂಜಿಯಿಂದ ಕೆಂಪು ದಾರ ಎಳೆದು ಮೆಲ್ಲಗೆ ರೀಲಿಗೆ ಸುತ್ತಿದಳು.