ತಗ್ಗಿನ ಹೊಲದ ಟಿಟವಿ

ನಾನು ಸಣ್ಣವಳಿದ್ದಾಗಲೂ ನಮ್ಮೂರಿನ ಎಲ್ಲರ ಕಿಸೆಯಲ್ಲಿ ಮೊಬೈಲು ಇತ್ತು. ಮಳೆ ಯಾವಾಗ, ಎಷ್ಟು ಅನ್ನುವುದನ್ನು ಅದು ದಿನಾ ಹೇಳುತ್ತಿತ್ತು. ಆದರೂ ಬ್ಯಾಸಗಿ ಮುಗಿಯುತ್ತ ಬಂದಂತೆ ಹಾಲಿನ ಡೇರಿ ಮುಂದೆ ನಿಂತವರು ಒಬ್ಬರನ್ನೊಬ್ಬರು ಕೇಳುತ್ತಿದ್ದದ್ದು ಒಂದೇ ಮಾತು: "ಟಿಟವಿ ಎಲ್ಲಿ ಇಟ್ಟೈತಿ?"

ನಮ್ಮೂರು ಯಡೂರಿನ ಹತ್ತಿರ, ಕೃಷ್ಣಾ ದಂಡೆಗೆ. ಟಿಟವಿ ಅಂದರೆ ನಿಮ್ಮ ಪುಸ್ತಕದ ಟಿಟ್ಟಿಭ. ಗಿಡದ ಮೇಲೆ ಗೂಡು ಕಟ್ಟುವ ಉಸಾಬರಿ ಅದಕ್ಕಿಲ್ಲ. ಬಯಲು ನೆಲದಲ್ಲಿ ಒಂದಿಷ್ಟು ಹರಳು ಕೂಡಿಸಿ, ನಡುವೆ ಹರಳಿನ ಬಣ್ಣದ್ದೇ ತತ್ತಿ ಇಡುತ್ತದೆ. ಅದು ದಿಬ್ಬದ ಮೇಲೆ ಇಟ್ಟರೆ ಆ ವರ್ಷ ಹೊಳೆ ಊರೊಳಗೆ ಬರುತ್ತದೆ, ತಗ್ಗಿನಲ್ಲಿ ಇಟ್ಟರೆ ಬರುವುದಿಲ್ಲ ಎಂದು ನಮ್ಮ ಮಂದಿಯ ನಂಬಿಕೆ. ಬರೀ ನಂಬಿದ್ದರೆ ಯಾರಿಗೂ ತ್ರಾಸಿರಲಿಲ್ಲ. ಆದರೆ ನಮ್ಮವರು ಹೋಗಿ ಕಣ್ಣಿಂದ ನೋಡಿಯೇ ನಂಬುವವರು.

ನಾನು ಶಾಲೆಯಲ್ಲಿ ಐದನೇತ್ತೆ ಇದ್ದಾಗ ಹಾಗೆ ನೋಡಲು ಹೋದ ಮಂದಿಯಲ್ಲಿ ನಾನೂ ಇದ್ದೆ, ಆಯಿಯೂ ಇದ್ದಳು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಓಣಿಗೆ ಓಣಿಯೇ ಹೊರಟಿತ್ತು. ಹುಡುಗರು ಲಗೋರಿ ಅರ್ಧಕ್ಕೆ ಬಿಟ್ಟು ಬಂದಿದ್ದರು, ಹೆಂಗಸರ ಸೆರಗಿನಲ್ಲಿ ಚುರಮುರಿ ಇತ್ತು, ನನ್ನ ಬಾಯಲ್ಲಿ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ಹೋಳು. ಹಕ್ಕಿ ನಮ್ಮ ತಲೆಯ ಮೇಲೆ ಹಾರಿ ಹಾರಿ ಬಂದು ಚೀರುತ್ತಿತ್ತು. ನಾವು ನಗುತ್ತಿದ್ದೆವು. ನಮ್ಮ ಹಿಂದೆ ಡೇರಿಯ ನಾಯಿಯೂ ಬಂದದ್ದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ. ಮರುದಿನ ಆಯಿ ಒಬ್ಬಳೇ ಹೋಗಿ ನೋಡಿ ಬಂದಳು. ಅಲ್ಲಿ ತತ್ತಿಯ ಸಿಪ್ಪೆ ಮಾತ್ರ ಇತ್ತಂತೆ. ಆ ದಿನ ಆಕೆ ಊಟ ಮಾಡಲಿಲ್ಲ.

ಅದರ ಮುಂದಿನ ಬ್ಯಾಸಗಿಯ ಕತೆ ಇದು. ಇವತ್ತಿಗೂ ಇದರ ತಲೆ ಯಾವುದು, ಬಾಲ ಯಾವುದು ಎಂದು ನನಗೆ ಸರಿಯಾಗಿ ತಿಳಿದಿಲ್ಲ.

ಆಯಿ ನಡೆಯುವಾಗ ಎದುರಿಗೆ ಬಂದವರ ಮುಖ ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದಳು. ಇರುವೆ, ಹುಳ ಕಾಲಿಗೆ ಸಿಗಬಾರದು. ನಮ್ಮ ಜೈನರ ಮನೆಗಳಲ್ಲಿ ಹಿರಿಯರು ಬಹಳ ಮಂದಿ ಹೀಗೇ ನಡೆಯುತ್ತಾರೆ. ಒಂದು ದಿನ ಆಚೆ ಹೊಲದಲ್ಲಿದ್ದ ಅಪ್ಪನಿಗೆ ಬುತ್ತಿ ಒಯ್ಯುವಾಗ, ಗೋಧಿ ಕಿತ್ತು ಖಾಲಿ ಬಿದ್ದಿದ್ದ ನಮ್ಮ ಹೊಳೆದಂಡೆ ಹೊಲದಲ್ಲಿ ಆಕೆ ಗಪ್ಪನೆ ನಿಂತಳು. ನಾನು ಬೆನ್ನಿಗೆ ಡಿಕ್ಕಿ ಹೊಡೆದೆ. ಆಕೆಯ ಹೆಬ್ಬೆರಳಿನಿಂದ ಒಂದು ಗೇಣು ಆಚೆ ನಾಲ್ಕು ತತ್ತಿ.

ಊರಿನಲ್ಲಿ ಅದಕ್ಕಿಂತ ತಗ್ಗಿನ ಹೊಲ ಇನ್ನೊಂದಿಲ್ಲ.

ಜಾಲಿಗಿಡದ ನೆರಳಿಗೆ ಬಂದು ಕುಂತೆವು. ಬುತ್ತಿಯಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿತ್ತು.

"ಊರಾಗ ಹೇಳೂಣ ಆಯಿ?"

"ಬ್ಯಾಡ."

"ಕೇಳಿದ್ರ?"

ಆಯಿ ಕಾಲು ಸರಿಸಿ ಇರುವೆಯ ಸಾಲಿಗೆ ದಾರಿ ಬಿಟ್ಟಳು.

"ನೋಡಿಲ್ಲ ಅಂತ ಹೇಳು. ಆತಲ್ಲ."

"ಆದ್ರ ನಾ ನೋಡೇನಲ್ಲ."

ಆಯಿ ಸುಳ್ಳು ಹೇಳುತ್ತಿರಲಿಲ್ಲ. ಅದು ಆಕೆಯ ವ್ರತ, ಮತ್ತು ಊರಿಗೆಲ್ಲ ಗೊತ್ತಿದ್ದ ವ್ರತ. ಎಮ್ಮೆ ಮಾರುವವರು "ಆಯಿ ಹೇಳಲಿ, ಇದು ಎಷ್ಟನೇ ಸೂಲು ಅಂತ" ಎಂದು ಆಕೆಯನ್ನೇ ಸಾಕ್ಷಿಗೆ ಕರೆಯುತ್ತಿದ್ದರು.

ನನಗೆ ಆಗಲೇ ವಾದದ ಚಟ. ಬೆರಳು ಮಡಚಿ ಹೇಳಿದೆ: "ಹಿಂಗ ವಿಚಾರ ಮಾಡು. ಟಿಟವಿ ಮಾತು ಖರೇ ಇದ್ರ, ಊರಿಗೆ ಹೇಳದ ಇರೂದು ಪಾಪ. ಸುಳ್ಳ ಇದ್ರ, ಹೇಳಿದ್ರ ಏನ ಕೆಟ್ಟಿತು? ಎರಡೂ ಕಡಿಯಿಂದ ಹೇಳಾಕಬೇಕು."

ಆಯಿ ಬುತ್ತಿಗಂಟು ಬಿಗಿ ಮಾಡುತ್ತ ಕೇಳಿದಳು: "ನಿನ್ನ ಎರಡೂ ಕಡಿಯೊಳಗ ಈ ತತ್ತಿ ಎಲ್ಲಿ ಅದಾವು, ಪೋರಿ?"

ನಾನು ಬೆರಳು ಬಿಚ್ಚಿದೆ.

ಅಪ್ಪನಿಗೆ ಬುತ್ತಿ ಕೊಡುವಾಗ ಆಕೆ ಇಷ್ಟೇ ಹೇಳಿದಳು: "ಗೋಧಿ ಹೊಲ ನಾ ಅನ್ನೂತನ ಟ್ರ್ಯಾಕ್ಟರ್ ಹಾಕಿ ಹೊಡಿಸಬ್ಯಾಡ. ನಂದೊಂದು ನೇಮ ಐತಿ." ಆಕೆಯ ನೇಮಗಳಿಗೆ ಅಪ್ಪ ಒಗ್ಗಿಹೋಗಿದ್ದ. ರೊಟ್ಟಿ ಮುರಿಯುತ್ತ ಹೂಂ ಅಂದ.

ಮರುದಿನ ಬೆಳಗ್ಗೆ ಬಸದಿಗೆ ಹೋಗಿ ಬಂದ ಆಯಿ ಮೌನ ಹಿಡಿದಿದ್ದಳು.

ಪರ್ವಕಾಲದಲ್ಲಿ ಒಂದು ಹೊತ್ತು, ಒಂದು ದಿನ ಮೌನ ಹಿಡಿಯುವುದು ನಮ್ಮಲ್ಲಿ ಹೊಸದಲ್ಲ. ಆದರೆ ಈ ಮೌನಕ್ಕೆ ತಿಥಿಯೂ ಇರಲಿಲ್ಲ, ಕೊನೆಯೂ ಕಾಣಲಿಲ್ಲ. ಅವ್ವ ಪಲ್ಯಕ್ಕೆ ಉಪ್ಪು ಸಾಕೇನು ಅಂದರೆ ಕೈ ಸನ್ನೆ, ಬಟ್ಟೆ ಒಣಗ್ಯಾವೇನು ಅಂದರೆ ಕೈ ಸನ್ನೆ. ಆಕೆಯ ಮಾತಿಲ್ಲದ ಮನೆ, ಬಾಗಿಲು ತೆಗೆದಿಟ್ಟ ಕಣಜದ ಹಾಗೆ ಖಾಲಿ ಖಾಲಿ ಅನ್ನಿಸುತ್ತಿತ್ತು. ನನ್ನನ್ನು ಕಂಡಾಗ ಮಾತ್ರ ಆಕೆಯ ಕಣ್ಣು ಒಂದು ಕ್ಷಣ ಹೆಚ್ಚು ನಿಲ್ಲುತ್ತಿತ್ತು. ಊರಿನಲ್ಲಿ ಆ ಜಾಗ ಗೊತ್ತಿದ್ದವರು ನಾವಿಬ್ಬರೇ. ನನಗೆ ಯಾವ ವ್ರತವೂ ಇರಲಿಲ್ಲ.

ಮೊದಲು ಕೇಳಿದವನು ಭರಮಾ ಕಾಕಾ. ಅವನು ಎಮ್ಮೆ ಕಟ್ಟುವ ಗೋಠಾ, ಮೇವಿನ ಬಣವಿ ಎರಡೂ ಹೊಳೆಯ ಮಗ್ಗುಲಿಗೇ ಇದ್ದವು. ಟಿಟವಿ ಎಲ್ಲಿಟ್ಟಿದೆ ಅನ್ನುವುದು ಅವನಿಗೆ ಚೇಷ್ಟೆಯ ಮಾತಲ್ಲ. ಡೇರಿಯಲ್ಲಿ ನನ್ನನ್ನು ಹಿಡಿದ.

"ಏನವಾ, ನಿಮ್ಮ ಆಯಿ ದಿನಾ ಹೊಲಕ್ಕ ಹೋಕ್ಕಾಳ. ಟಿಟವಿ ಕಂಡೈತೇನು?"

"ಕಾಕಾ, ಮಳಿ ಬರೂದು ಟಿಟವಿಗೆ ಹೆಂಗ ಗೊತ್ತಾಗತೈತ್ರಿ?"

"ಅದಕ್ಕ ಗೊತ್ತಿರತೈತಿ."

"ಗೊತ್ತಿದ್ರ ಹೋದ ವರ್ಷ ನಾಯಿ ಬರೂದು ಯಾಕ ಗೊತ್ತಾಗಲಿಲ್ರಿ?"

ಅಲ್ಲಿದ್ದವರು ನಕ್ಕರು. ಕಾಕಾನೂ ನಕ್ಕ. ಪ್ರಶ್ನೆಗೆ ಪ್ರಶ್ನೆ ಕೊಟ್ಟರೆ ಸುಳ್ಳು ಹೇಳದೆ ಪಾರಾಗಬಹುದು ಎಂದು ನಾನು ಕಲಿತದ್ದು ಅಲ್ಲೇ. ಮುಂದೆ ಚರ್ಚಾಸ್ಪರ್ಧೆಗಳಲ್ಲಿ ಈ ಉಪಾಯ ನನಗೆ ಬಹಳ ಸಲ ಕಪ್ ತಂದುಕೊಟ್ಟಿದೆ.

ಆದರೆ ಕಾಕಾ ನನ್ನ ಮಾತಿಗಿಂತ ಆಯಿಯ ಮೌನವನ್ನೇ ಹೆಚ್ಚು ಕಿವಿಗೊಟ್ಟು ಕೇಳಿದ. ಒಂದು ಸಂಜೆ ನಮ್ಮ ಕಟ್ಟೆಗೆ ಬಂದು, "ಆಯಿ, ಟಿಟವಿ ನೋಡೀರೇನ್ರಿ?" ಅಂದ. ಆಯಿ ನೆಲ ನೋಡಿದಳು. ಅವನು ಕೈ ಮುಗಿದು ಹೋದ.

ಮರುದಿನ ಡೇರಿಯಲ್ಲಿ ಅವನ ತೀರ್ಮಾನ ಹೊರಬಿತ್ತು. "ತಗ್ಗಿನ್ಯಾಗ ಇಟ್ಟಿದ್ರ ಆಯಿ ಖುಷಿಲೆ ಹೇಳತಿದ್ಲು. ಎತ್ತರಕ್ಕ ಇಟ್ಟೈತಿ. ಸುಳ್ಳ ಹೇಳೂಹಂಗಿಲ್ಲ, ಮಂದೀನ ಹೆದರಸೂಹಂಗಿಲ್ಲ. ಅದಕ್ಕ ಬಾಯಿ ಮುಚ್ಚ್ಯಾಳ."

ವಾರ ಕಳೆಯುವುದರೊಳಗೆ ಕಾಕಾ ಬಣವಿ ಬಿಚ್ಚಿದ. ಮೇವನ್ನೆಲ್ಲ ಟ್ರ್ಯಾಕ್ಟರ್ ಮೇಲೆ ಹೇರಿ ಶಾಲೆಯ ದಿಬ್ಬಕ್ಕೆ ಸಾಗಿಸಿದ. ಅವನನ್ನು ನೋಡಿ ಮಗ್ಗುಲಿನವರು, ಅವರನ್ನು ನೋಡಿ ಇನ್ನೊಬ್ಬರು. ಉರಿ ಬಿಸಿಲಿನಲ್ಲಿ ಗಂಡಸರು ಹೆಂಗಸರು ಬೆವರು ಸುರಿಸುತ್ತ ಮೇವು ಹೊರುತ್ತಿದ್ದರು. ಒಣಸೊಪ್ಪೆಯ ಧೂಳು ಊರ ತುಂಬ. ನಾನು ಓಡಿಬಂದು ಆಯಿಗೆ ಹೇಳಿದೆ: "ನೀ ಸುಳ್ಳ ಹೇಳಿದಂಗ ಆತಲ್ಲ. ಅವರು ಸುಮ್ಮಸುಮ್ನ ದುಡ್ಯಾಕತ್ತಾರ. ನಾ ಹೇಳಿಬಿಡ್ಲಿ?"

ಆಯಿ ನನ್ನ ಕೈ ಹಿಡಿದಳು. ಆ ಕೈ ಬೇಡ ಅಂದಿತೋ, ಹೇಳು ಅಂದಿತೋ ನನಗೆ ತಿಳಿಯಲಿಲ್ಲ. ಅವತ್ತಿನಿಂದ ಆಕೆ ದಿನಕ್ಕೆ ಒಂದೇ ಹೊತ್ತು ಊಟ ಮಾಡತೊಡಗಿದಳು. ತನ್ನ ಮೌನ ಸುಳ್ಳಾಗಿ ನಡೆದಾಡುತ್ತಿದೆ ಎಂದು ಆಕೆಗೂ ಅನ್ನಿಸಿರಬೇಕು. ತಗ್ಗಿನಲ್ಲಿ ಐತಿ ಎಂದು ಒಂದು ಮಾತು ಹೊರಬಿದ್ದರೆ ಇಡೀ ಊರು ಖಾತ್ರಿ ಮಾಡಿಕೊಳ್ಳಲು ಅಲ್ಲಿಗೆ ಹೊರಡುತ್ತಿತ್ತು, ಹಿಂದೆ ನಾಯಿ. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ? ತತ್ತಿಯ ಮೇಲಿನ ದಯೆಯೋ, ಆಯಿ ಹಿಡಿದ ಕೈಯೋ. ಎರಡರ ಪರವಾಗಿಯೂ ನಾನು ಈಗ ವಾದ ಮಾಡಬಲ್ಲೆ.

ಮೃಗಶಿರಾ ಮಳೆಯ ಮೊದಲ ಹನಿ ಬಿದ್ದ ಸುಮಾರಿಗೆ ಮರಿಗಳು ಹೊರಬಂದವು. ಬೆರಳುದ್ದದ ಕಾಲು, ಮೇಲೆ ಹತ್ತಿಯ ಉಂಡೆ. ಒಂದೇ ದಿನದಲ್ಲಿ ತಾಯಿಯ ಹಿಂದೆ ಬಿರಬಿರನೆ ನಡೆದು ಬದು ದಾಟಿ ಹೋದವು. ನಾವಿಬ್ಬರೂ ಜಾಲಿಗಿಡದ ಕೆಳಗೆ ನಿಂತು ನೋಡಿದೆವು. ಹಸಿ ಮಣ್ಣಿನ ವಾಸನೆ ಬರುತ್ತಿತ್ತು.

"ಹೊಲ ಹೊಡಿಸು ಅನ್ನು ನಿಮ್ಮಪ್ಪಗ" ಅಂದಳು ಆಯಿ. ಅಷ್ಟು ದಿನ ಬಳಸದ ದನಿ ಒರಟಾಗಿತ್ತು.

ಅಲ್ಲಿಂದ ನೇರ ಭರಮಾ ಕಾಕಾನ ಮನೆಗೆ ನಡೆದಳು. ನಾನು ಹಿಂದೆ. "ಭರಮಾ, ಆ ಟಿಟವಿ..." ಎಂದು ಬಾಯಿ ತೆಗೆದದ್ದೇ ತಡ, ಕಾಕಾ ಎರಡೂ ಕೈ ಜೋಡಿಸಿದ. "ಬ್ಯಾಡ್ರಿ ಆಯಿ. ಗೊತ್ತೈತ್ರಿ. ನಿಮ್ಮ ಬಾಯಿಂದ ಕೆಟ್ಟ ಸುದ್ದಿ ನುಡಿಸಿ ನಾ ಪಾಪ ಕಟಗೊಳ್ಳೂದಿಲ್ರಿ. ಎಲ್ಲಾ ದಿಬ್ಬಕ್ಕ ಸಾಗಿಸೇವಿ." ಆಯಿ ಮತ್ತೆ ಬಾಯಿ ತೆಗೆದಳು. ಅವನು ಒಳಗೆ ಕೂಗಿ ಚಹಾ ತರಿಸಿದ.

ಶ್ರಾವಣದಲ್ಲಿ ಹೊಳೆ ಊರೊಳಗೆ ಬಂತು. ನೆನಪಿದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಕಟ್ಟೆ ಮುಳುಗಿತು, ಡೇರಿ ಮುಳುಗಿತು, ಗೋಧಿ ಹೊಲದ ಜಾಲಿಗಿಡದ ತುದಿ ಮಾತ್ರ ಕೆಂಪು ನೀರಿನ ಮೇಲೆ ಕಾಣುತ್ತಿತ್ತು. ನಾವೆಲ್ಲ ಶಾಲೆಯ ಕೋಣೆಗಳಲ್ಲಿ ಮಲಗಿದೆವು. ಹೊರಗೆ ಎಮ್ಮೆಗಳು ಒಣ ಮೇವು ಮೆಲ್ಲುತ್ತ ನಿಂತಿದ್ದವು. ಹೆಂಗಸರು ಬಂದು ಆಯಿಯ ಕಾಲು ಮುಟ್ಟುತ್ತಿದ್ದರು. "ನನಗ ನಮಸ್ಕಾರ ಮಾಡಬ್ಯಾಡ್ರಿ, ನಾ ಏನೂ ಮಾಡಿಲ್ಲ" ಎಂದು ಆಕೆ ಕಾಲು ಎಳೆದುಕೊಂಡಷ್ಟೂ ಅದು ಅವರಿಗೆ ದೊಡ್ಡತನವಾಗಿ ಕಂಡಿತು.

ನಾನು ಆಕೆಯ ಕಿವಿಯ ಹತ್ತಿರ ಕೇಳಿದೆ: "ಹಕ್ಕಿ ತಪ್ಪು ಹೇಳಿತಲ್ಲ?"

"ಹಕ್ಕಿ ಎಲ್ಲಿ ಹೇಳ್ತು? ತತ್ತಿ ಇಟ್ಟಿತು, ಅಷ್ಟ."

ಅಂದರೆ ಲೆಕ್ಕ ಹೀಗೆ. ಜಾಗ ಹೇಳಿದ್ದರೆ ತತ್ತಿ ಹೋಗುತ್ತಿದ್ದವು, ಊರು ನಿಶ್ಚಿಂತೆಯಿಂದ ಮಲಗಿ ಬಣವಿಗಳೂ ಹೊಳೆಪಾಲಾಗುತ್ತಿದ್ದವು. ಹೇಳದ್ದಕ್ಕೆ ಎರಡೂ ಉಳಿದವು. ಆದರೆ ಆ ವರ್ಷದಿಂದ ಟಿಟವಿಯ ಮೇಲಿನ ನಂಬಿಕೆ ಇಮ್ಮಡಿಯಾಯಿತು. ಮರುವರ್ಷ ಹುಡುಕುವವರು ಇಮ್ಮಡಿಯಾದರು. ನಾವು ಬಚ್ಚಿಟ್ಟು ಉಳಿಸಿದ ಒಂದು ಗೂಡು ಮುಂದಿನ ಎಷ್ಟು ಗೂಡುಗಳನ್ನು ತಿಂದಿತೋ. ನಾನು ಯಾವ ಪಕ್ಷದಲ್ಲಿ ನಿಂತು ಮಾತಾಡಲಿ?

ಆಯಿ ಈಗ ಇಲ್ಲ. ಹೋದ ಬ್ಯಾಸಗಿಯಲ್ಲಿ ಊರ ಗ್ರೂಪಿಗೆ ಒಂದು ಫೋಟೋ ಬಂತು. ನಾಲ್ಕು ತತ್ತಿ, ಪಕ್ಕದಲ್ಲಿ ಯಾರದೋ ಅಂಗೈ, ಕೆಳಗೆ ಜಾಗದ ಗುರುತು. ಬೆರಳು ಒತ್ತಿದರೆ ಫೋನೇ ದಾರಿ ಹೇಳುತ್ತದೆ. ನಮ್ಮ ಗೋಧಿ ಹೊಲವೇ. ನಾನು ನಿಪ್ಪಾಣಿಯ ಕಾಲೇಜಿನಿಂದ ಬಂದು ಮುಟ್ಟುವ ಹೊತ್ತಿಗೆ ಹೊಲದ ತುಂಬ ಚಪ್ಪಲಿ ಗುರುತು, ಚದುರಿದ ಹರಳು. ಹಕ್ಕಿ ಚೀರುತ್ತಲೂ ಇರಲಿಲ್ಲ.

ಸಂಜೆ ಡೇರಿಗೆ ಹೋದೆ. ಖರೇ ಸಂಗತಿ ಹೇಳಿಬಿಟ್ಟರೆ ಇನ್ನು ಮೇಲಾದರೂ ಈ ಹುಡುಕಾಟ ನಿಲ್ಲುತ್ತದೆ ಎಂದು ನನ್ನ ವಿಚಾರ.

"ಕಾಕಾ, ಹೊಳಿ ಬಂದ ವರ್ಷ ಟಿಟವಿ ತಗ್ಗಿನ್ಯಾಗ ಇಟ್ಟಿತ್ತು. ನಮ್ಮ ಗೋಧಿ ಹೊಲದಾಗ. ನಾ ಕಣ್ಣಾರೆ ನೋಡೇನ್ರಿ. ಅದನ್ನ ನಂಬಿದ್ರ ನಿಮ್ಮ ಬಣವಿ ತೇಲಿ ಹೋಗತಿದ್ವು."

ಭರಮಾ ಕಾಕಾ ಈಗ ಮುದುಕ. ಸಾವಕಾಶ ನಕ್ಕ. "ನೀ ಭಾಷಣದಾಗ ಕಪ್ ತರಾಕಿ. ಕರೀದು ಬಿಳೀದು ಮಾಡೂದು ನಿನಗ ಸುಲಿದ ಬಾಳಿಹಣ್ಣು."

"ಖರೇನ ಹೇಳಾಕತ್ತೇನ್ರಿ."

"ನಿಮ್ಮ ಆಯಿ ಎಂದಾರ ಸುಳ್ಳ ಹೇಳ್ಯಾಳೇನು?"

"ಆಕಿ ಏನೂ ಹೇಳೇ ಇಲ್ಲಲ್ರಿ."

"ಅದಕ್ಕ ನಂಬೇವಿ" ಅಂದ ಕಾಕಾ, ಮತ್ತು ಹಾಲಿನ ಕ್ಯಾನು ಎತ್ತಿಕೊಂಡು ಹೋದ.

ಆಗ ಒಂದು ಗೂಡು ಸಿಗಬೇಕಾದರೆ ಊರು ಒಬ್ಬ ಹೆಣ್ಣುಮಗಳ ಮುಂದೆ ನಿಂತು ಕೇಳಬೇಕಿತ್ತು. ಆಕೆ ಬಾಯಿ ಮುಚ್ಚಿದರೆ ಕೈ ಮುಗಿದು ಹೋಗುತ್ತಿತ್ತು. ಈಗ ಕೇಳುವವರೂ ಇಲ್ಲ, ಕೇಳಿಸಿಕೊಂಡು ಸುಮ್ಮನಿರುವವರೂ ಇಲ್ಲ.

ಈ ವರ್ಷ ನಮ್ಮ ಹೊಲದಲ್ಲಿ ಟಿಟವಿ ಇಟ್ಟಿಲ್ಲ ಅನ್ನುತ್ತಾರೆ. ಅಥವಾ ಯಾರ ಕಣ್ಣಿಗೂ ಬೀಳದ ಹಾಗೆ ಇಟ್ಟಿರಬಹುದು. ಪುರಾವೆ ಇಲ್ಲದ್ದನ್ನು ನಾನು ನಂಬುವವಳಲ್ಲ. ಪುರಾವೆ ಬೇಕಾದರೆ ಹೊಲದೊಳಗೆ ಕಾಲಿಡಬೇಕು. ಬದುವಿನ ತನಕ ಹೋಗಿ, ಅಲ್ಲೇ ನಿಂತು, ತಿರುಗಿ ಬರುತ್ತೇನೆ.